ಜನನದ ಪುಟದಲ್ಲಿ ಬರೆದವರು

ಅರ್ಧ ತಲೆಗೆ ಮೆಷಿನ್ ಆಡಿಸಿಯಾಗಿತ್ತು. ಇನ್ನರ್ಧಕ್ಕೆ ಕೈ ಹಾಕಬೇಕಿದ್ದ ಕ್ಷೌರಿಕ ರೂಫಸ್ ಹಾಗೆಯೇ ನಿಂತುಬಿಟ್ಟ. ಗೋಡೆಯ ಟಿವಿಯಲ್ಲಿ ಊರಿನ ಕಾಲೇಜಿನ ಫುಟ್‌ಬಾಲ್ ಕೋಚ್ ವೈನ್‌ರೈಟ್ ನಗುತ್ತಿದ್ದ. ಅವನ ತಲೆಯ ಮೇಲೆ ಉತ್ತರದ ಯಾವುದೋ ದೊಡ್ಡ ವಿಶ್ವವಿದ್ಯಾಲಯದ ಹಸಿರು ಟೋಪಿ ಇತ್ತು; ಆ ತಂಡದ ಹೊಸ ಕೋಚ್ ಎಂದು ಕೆಳಗೆ ಬರೆದಿತ್ತು.

"ಡೀಕನ್ನೋರೇ, ಇವನು ನಮ್ಮ ಕೋಚ್ ತಾನೇ?"

ಲೀಮನ್ ಟಾಲಿವರ್ ಅವರು ಕುತ್ತಿಗೆಗೆ ಬಟ್ಟೆ ಬಿಗಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಎಪ್ಪತ್ತಾರು ವರ್ಷ. ಪಿಸ್ಗಾ ಚರ್ಚಿನಲ್ಲಿ ಮೂವತ್ತು ವರ್ಷದಿಂದ ಡೀಕನ್, ಅಂದರೆ ಸಭೆಯ ಹಿರಿಯ ಸೇವಕ. ಸತ್ತವರ ಮನೆಗೂ ಹೆತ್ತವರ ಮನೆಗೂ ಮೊದಲು ಹೋಗುವವರು ಅವರೇ. ನಿನ್ನೆ ಬೆಳಿಗ್ಗೆ ಇದೇ ಕೋಚ್ ಅವರಿಗೆ ಫೋನ್ ಮಾಡಿ, "ಭಾನುವಾರ ಚರ್ಚಿನಲ್ಲಿ ಸಿಗೋಣ" ಅಂದಿದ್ದ.

ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಮುದುಕ ಹೋಸಿಯ ಕನ್ನಡಕ ಏರಿಸಿಕೊಂಡು ಟಿವಿ ನೋಡಿದ. "ಟೋಪಿ ಎಷ್ಟು ಚೆನ್ನಾಗಿ ಕೂತಿದೆ ನೋಡಯ್ಯ. ತಿಂಗಳ ಹಿಂದೆನೇ ತಲೆ ಅಳತೆ ಕೊಟ್ಟು ಬಂದಿರ್ಬೇಕು."

"ನಮ್ಮ ಡೀಕನ್ನೋರಿಗೂ ಒಂದು ಎತ್ತಿಟ್ಟಿರ್ತಾನೆ ಬಿಡು," ಅಂದ ಇನ್ನೊಬ್ಬ. "ಜೊತೇಲಿ ಮನೆ ಮನೆ ಸುತ್ತಿದೋರಲ್ವಾ?"

ಅಂಗಡಿಯಲ್ಲಿ ನಗು ಎದ್ದು, ಅರ್ಧಕ್ಕೇ ನಿಂತಿತು. ಕನ್ನಡಿಯಲ್ಲಿ ಡೀಕನ್ನರ ಮುಖ ಎಲ್ಲರಿಗೂ ಕಾಣುತ್ತಿತ್ತು.

"ಅದನ್ನ ಆರಿಸು, ರೂಫಸ್."

"ಆರಿಸಿದ್ರೆ ಅವನ ಟೋಪಿ ಇಳಿಯುತ್ತಾ?" ಅಂದರೂ ರೂಫಸ್ ಆರಿಸಿದ. ಉಳಿದರ್ಧ ತಲೆಯನ್ನು ಮುಗಿಸಿದ. ಡೀಕನ್ ಹೊರಗೆ ಬಂದು ಕೋಚ್‌ಗೆ ಫೋನ್ ಮಾಡಿದರು. ಸಂದೇಶ ಬಿಡಲು ಜಾಗವಿಲ್ಲ ಎಂದು ಒಂದು ಹೆಣ್ಣು ದನಿ ಹೇಳಿತು. ಅವರು ಎರಡನೆಯ ಸಲ ಪ್ರಯತ್ನಿಸಲಿಲ್ಲ.

ಕರಿಯರ ಕಾಲೇಜಾದ ಬೆಥೆಲ್ ರಿಜ್‌ನ ಫುಟ್‌ಬಾಲ್ ಎಂದರೆ ಒಂದು ಕಾಲಕ್ಕೆ ಮಿಸಿಸಿಪ್ಪಿ ಸೀಮೆಯಲ್ಲಿ ದೊಡ್ಡ ಮಾತು. ಟಾಲಿವರ್ ಇಪ್ಪತ್ತರ ಹುಡುಗನಾಗಿದ್ದಾಗ ಆಡಿದ ತಂಡವನ್ನು ಆ ವರ್ಷ ಯಾರೂ ಸೋಲಿಸಲಿಲ್ಲ. ಆಗ ಬಿಳಿಯರ ಕಾಲೇಜುಗಳು ಕರಿಯ ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ; ಸೀಮೆಯ ಒಳ್ಳೊಳ್ಳೆಯ ಕಾಲುಗಳೆಲ್ಲ ಬೆಥೆಲ್ ರಿಜ್‌ನ ಹುಲ್ಲಿನ ಮೇಲೆಯೇ ಓಡುತ್ತಿದ್ದವು. ಆಮೇಲೆ ಆ ಬಾಗಿಲುಗಳು ತೆರೆದವು. ತೆರೆಯಲಿ ಎಂದು ಮೊಣಕಾಲೂರಿ ಬೇಡಿಕೊಂಡವರಲ್ಲಿ ಟಾಲಿವರ್ ಕೂಡ ಒಬ್ಬರು. ತೆರೆದ ಬಾಗಿಲಿನಿಂದ ತಮ್ಮ ಅಂಗಳವೇ ಖಾಲಿಯಾಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಈಗ ಮೈದಾನದ ಗ್ಯಾಲರಿಯ ಮೇಲಿನ ಸಾಲುಗಳಿಗೆ ಹಗ್ಗ ಕಟ್ಟಿ ಮುಚ್ಚಿದ್ದಾರೆ. ಜನ ಬರುವುದು ವಿರಾಮದಲ್ಲಿ ಬ್ಯಾಂಡ್ ಕೇಳಲಿಕ್ಕೆ. ಬ್ಯಾಂಡಿನವರು ಮೈದಾನ ಬಿಟ್ಟ ಕೂಡಲೇ ಕಾರುಗಳ ದೀಪ ಹತ್ತುತ್ತವೆ, ಉಳಿದ ಆಟವನ್ನು ಹುಡುಗರು ಖಾಲಿ ಬೆಂಚುಗಳ ಮುಂದೆ ಆಡಿ ಸೋಲುತ್ತಾರೆ.

ಎರಡು ವರ್ಷದ ಹಿಂದೆ ವೈನ್‌ರೈಟ್ ಬಂದ. ಮೊದಲ ಭಾನುವಾರವೇ ಪಿಸ್ಗಾ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡ. ಆಟಗಾರರನ್ನು ಕರೆತರಲು ಹುಡುಗರ ಮನೆಗೆ ಹೋಗುವಾಗ ಡೀಕನ್ನರನ್ನು ಜೊತೆಗೆ ಕರೆದ. "ಹಳೆಯ ದಿನಗಳನ್ನ ನೋಡಿದೋರು ನೀವು. ನನ್ನ ಮಾತಿಗಿಂತ ನಿಮ್ಮ ಮಾತು ತೂಕ," ಅಂದ.

ಅವರು ಮೊದಲು ಹೋದದ್ದು ವರ್ನೀಸ್ ಎಂಬಾಕೆಯ ಮನೆಗೆ. ಮೀನಿನ ಕಾರ್ಖಾನೆಯಲ್ಲಿ ಚರ್ಮ ಸುಲಿಯುವ ಕೆಲಸ ಆಕೆಯದು. ಅಲ್ಲಿಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು; ಅವಳ ಮಗ ಕೀಯಾನ್ ಅದನ್ನು ಎದೆಗವಚಿಕೊಂಡು ಓಡಿದರೆ ಹಿಡಿಯುವವರಿಲ್ಲ. ಅಲಬಾಮದ ದೊಡ್ಡ ಕಾಲೇಜೊಂದು ಅವನನ್ನು ಕರೆದಿತ್ತು. ಕೋಚ್ ಎಷ್ಟು ಹೇಳಿದರೂ ಆಕೆಯ ಮನಸ್ಸು ಒಪ್ಪದಿದ್ದಾಗ, ಡೀಕನ್ ಯಾರೂ ಹೇಳದೆಯೇ ತಮ್ಮ ಬೈಬಲ್ ತೆರೆದರು. ಅದರ ನಡುವಿನ ಹಾಳೆಗಳಲ್ಲಿ ಮನೆತನದ ಜನನ, ಮರಣ ಬರೆಯುವ ಪುಟಗಳಿದ್ದವು. ಮರಣದ ಪುಟದ ಕೊನೆಯಲ್ಲಿ ಆ ವಸಂತದಲ್ಲಷ್ಟೇ ತೀರಿಕೊಂಡ ಹೆಂಡತಿ ಅರ್ಲೀನಳ ಹೆಸರಿತ್ತು. ಜನನದ ಪುಟದಲ್ಲಿ ಅವರ ತಲೆಮಾರಿನಿಂದ ಕೆಳಗೆ ಏನೂ ಇರಲಿಲ್ಲ, ಅವರಿಗೆ ಮಕ್ಕಳಾಗಿರಲಿಲ್ಲ. ಅಲ್ಲಿ ಅವರು ಕೀಯಾನ್‌ನ ಹೆಸರು ಬರೆದರು. "ಇವತ್ತಿಂದ ಇವನು ನನ್ನ ಮನೆಯವನೂ ಹೌದು, ತಾಯೀ," ಅಂದರು. ವರ್ನೀಸ್ ಅತ್ತಳು. ಕೋಚ್ ಹುಡುಗನ ಮುಂದೆ ಸಹಿಗೆ ಕಾಗದ ಇಟ್ಟ.

ವಾಪಸು ಬರುವಾಗ ಕೋಚ್, "ಡೀಕನ್ನೋರೇ, ಮುಂದಿನ ಮನೆಗೂ ಆ ಪುಸ್ತಕ ತನ್ನಿ," ಅಂದ. ಭಕ್ತಿಯಿಂದ ಹೇಳಿದನೆಂದೇ ಟಾಲಿವರ್ ತಿಳಿದರು. ಹಾಗೆ ಆ ಪುಟದಲ್ಲಿ ಹದಿನಾಲ್ಕು ಹೆಸರುಗಳಾದವು.

ಕ್ಷೌರದಂಗಡಿಯಿಂದ ಅವರು ಮನೆಗೆ ಹೋಗಿ ಬೈಬಲ್ ತೆಗೆದುಕೊಂಡು ನೇರವಾಗಿ ವರ್ನೀಸ್‌ಳ ಮನೆಗೆ ಹೋದರು. ಕೀಯಾನ್‌ಗೆ ಸೆಪ್ಟೆಂಬರಿನಲ್ಲಿ ಮೊಣಕಾಲಿನ ಲಿಗಮೆಂಟು ಹರಿದಿತ್ತು. ಅವನು ಕಾಲಿಗೆ ಪಟ್ಟಿ ಬಿಗಿದುಕೊಂಡು ಸೋಫಾದ ಮೇಲೆ ಕೂತಿದ್ದ. ವರ್ನೀಸ್ ಎರಡನೆಯ ಪಾಳಿಗೆ ಹೊರಟು ಬಿಳಿ ರಬ್ಬರ್ ಬೂಟು ಏರಿಸಿಕೊಳ್ಳುತ್ತಿದ್ದಳು.

"ಗೊತ್ತಾಯ್ತು ಡೀಕನ್ನೋರೇ. ಎಲ್ಲರ ಫೋನಲ್ಲೂ ಬಂದಿದೆ. ಹೇಳೋಕೆ ನೀವು ಬರಬೇಕಾಗಿರ್ಲಿಲ್ಲ."

"ಬರಬೇಕಿತ್ತು, ತಾಯೀ."

"ತಂಡದ ಐದು ಹುಡುಗರು ಆ ಕೋಚ್ ಜೊತೆ ಹೋಗ್ತಾರಂತೆ. ಅದೂ ಗೊತ್ತಾಯ್ತಾ?"

ಗೊತ್ತಿರಲಿಲ್ಲ. ಅವರು ಬಾಗಿಲ ಬಳಿಯೇ ನಿಂತರು. ಕೂತುಕೊಳ್ಳಿ ಎಂದು ಅವಳು ಹೇಳಲಿಲ್ಲ.

"ಬೆಳಿಗ್ಗೆ ಕಾಲೇಜಿನ ಆಫೀಸಿಂದ ಫೋನ್ ಬಂತು. ಹೊಸಬರಿಗೆ ಜಾಗ ಮಾಡ್ಬೇಕಂತೆ. ಆಡೋಕಾಗದೋರ ಸ್ಕಾಲರ್‌ಶಿಪ್ಪು ಮೇ ತಿಂಗಳಿಗೆ ಮುಗೀತಂತೆ. ಆ ಹುಡುಗಿ ಎಷ್ಟು ಸಿಹಿಯಾಗಿ ಮಾತಾಡಿದಳು ಅಂತೀರಾ, ಹುಟ್ಟುಹಬ್ಬಕ್ಕೆ ಕರೆಯೋ ಹಂಗೆ." ಅವಳು ಬೂಟನ್ನು ನೆಲಕ್ಕೆ ಕುಟ್ಟಿ ಕಾಲು ಒಳಗೆ ಇಳಿಸಿದಳು. "ಕಾಲು ಮುರಿದ್ರೂ ಸರಿ, ಡಿಗ್ರಿ ಕೈಗೆ ಬರೋವರೆಗೂ ಇವನು ನಮ್ಮೋನೇ ಅಂತ ಇದೇ ಸೋಫಾ ಮೇಲೆ ಕೂತು ಹೇಳಿದ್ರಿ."

"ಕೋಚ್ ಹಾಗೆ ಮಾತು ಕೊಟ್ಟಿದ್ದರು. ಕಾಗದದಲ್ಲಿ ಬರೆದಿಲ್ಲ ಅಂತ ನನಗೆ—"

"ಕೋಚ್ ಏನು ಹೇಳಿದ್ನೋ ನನಗೆ ನೆನಪೇ ಇಲ್ಲ. ನೀವು 'ಆಮೆನ್' ಅಂದಿದ್ದು ನೆನಪಿದೆ."

"ಅಮ್ಮಾ," ಅಂದ ಕೀಯಾನ್.

"ನೀನು ಸುಮ್ನಿರು." ಅವಳು ಎದ್ದು ನಿಂತಳು. ಎತ್ತರದ ಹೆಂಗಸು, ಡೀಕನ್ನರ ಕಣ್ಣಿಗೆ ಕಣ್ಣು ಸಮವಾಗಿತ್ತು. "ಒಂದು ಕೇಳ್ತೀನಿ, ಹೇಳಿ. ಅಕ್ಟೋಬರಲ್ಲಿ ನೀವು, ಅವನು, ಐದು ಮನೆಗೆ ಹೋಗಿದ್ರಂತೆ. ಪುಸ್ತಕ ಹಿಡ್ಕೊಂಡು. ಹೌದಾ?"

"ಹೌದು. ತಾಯಂದಿರಿಗೆ ಧನ್ಯವಾದ ಹೇಳಿ ಬರೋಣ ಅಂತ ಕರೆದರು."

"ಆ ಐದು ಮನೆ ಹುಡುಗರೇ ಈಗ ಅವನ ಜೊತೆ ಹೊರಟಿರೋದು."

ಆ ಐದು ಮನೆಗಳಲ್ಲೂ ಡೀಕನ್ ತಾಯಂದಿರ ಕೈಹಿಡಿದು ಪ್ರಾರ್ಥಿಸಿದ್ದರು. ಕೋಚನ್ನು ದೇವರು ಎಲ್ಲಿಗೆ ನಡೆಸಿದರೂ ಈ ಮಕ್ಕಳು ಅವನನ್ನು ಬಿಡದಿರಲಿ ಎಂದು ಬೇಡಿಕೊಂಡಿದ್ದರು. ಹಾಗೆ ಬೇಡಿಕೊಳ್ಳಿ ಎಂದು ಕಾರಿನಲ್ಲಿ ಹೇಳಿಕೊಟ್ಟವನು ಕೋಚ್. ಒಳ್ಳೆಯ ಮಾತು ಎಂದು ಅವರಿಗೂ ಅನಿಸಿತ್ತು.

"ನಮ್ಮನೆಗೆ ಯಾಕೆ ಬರ್ಲಿಲ್ಲ, ಡೀಕನ್ನೋರೇ? ದಾರೀಲೇ ಇದೆಯಲ್ಲ?"

ದಾರಿಯಲ್ಲೇ ಇತ್ತು. ಈ ಬೀದಿಯ ಮೂಲೆಯಲ್ಲಿ ಕಾರು ನಿಂತಾಗ, "ಕೀಯಾನ್ ಮನೆ ಇಲ್ಲೇ," ಎಂದು ಅವರು ಹೇಳಿದ್ದರು. ಕೋಚ್ ಗಡಿಯಾರ ನೋಡಿ, "ಇನ್ನೊಂದು ದಿನ ಬರೋಣ," ಅಂದಿದ್ದ. ಮುಂಬಾಗಿಲಿಗೆ ಒರಗಿಸಿಟ್ಟ ಊರುಗೋಲು ಕಾರಿನಿಂದಲೇ ಕಂಡಿತ್ತು. ಇನ್ನೂ ಒಂದು ಮಾತು ಕೇಳಬಹುದಿತ್ತು. ಆದರೆ ಅರ್ಲೀನ್ ಹೋದ ಮೇಲೆ ಮನೆಯಲ್ಲಿ ದನಿಯೇ ಇರಲಿಲ್ಲ. ಆ ಕಾರಿನಲ್ಲಿ ಒಬ್ಬನು ಅವರ ಕಾಲದ ಆಟಗಳನ್ನು ಒಂದೊಂದಾಗಿ ಕೇಳುತ್ತಿದ್ದ. ಅವರು ಹೇಳುತ್ತಿದ್ದರು.

"ನಾನು ಕೇಳಲಿಲ್ಲ," ಅಂದರು ಡೀಕನ್. "ಕೇಳಬೇಕಿತ್ತು. ಕೇಳಲಿಲ್ಲ."

ವರ್ನೀಸ್ ಮೇಜಿನ ಮೇಲಿದ್ದ ಪ್ಲೇಟು, ಲೋಟ ಒಂದು ಕಡೆಗೆ ಸರಿಸಿದಳು. "ಆ ಪುಸ್ತಕ ಇಲ್ಲಿಡಿ. ನನ್ನ ಮಗನ ಹೆಸರು ಹೊಡೆದು ಹಾಕಿ."

"ಈ ಪುಟದಲ್ಲಿ ಹೊಡೆದು ಹಾಕೋ ರೂಢಿ ಇಲ್ಲ, ತಾಯೀ."

"ಊರಿನವರ ಮಕ್ಕಳನ್ನ ಬರ್ಕೊಳ್ಳೋ ರೂಢಿ ಇತ್ತಾ?"

ಅವಳು ತನ್ನ ಚೀಲದಿಂದ ಪೆನ್ನು ತೆಗೆದು ಕೊಟ್ಟಳು. ಟಾಲಿವರ್ ನಿಂತುಕೊಂಡೇ ಬೈಬಲ್ ಬಿಚ್ಚಿದರು. ಕೀಯಾನ್ ಕಿಟಕಿಯ ಕಡೆಗೆ ತಿರುಗಿದ. ಪೆನ್ನು ಮೊದಲ ಸಲ ಬರೆಯಲಿಲ್ಲ. ಹಾಳೆಯ ಮೇಲೆ ಬರೀ ಗೀರು ಬಿತ್ತು. ಅಂಗೈ ಮೇಲೆ ಎಳೆದು ನೋಡಿ, ಮತ್ತೊಮ್ಮೆ ಅದೇ ಗೀರಿನ ಮೇಲೆ ಶಾಯಿ ಎಳೆದರು. ತಾಯಿ ಬಗ್ಗಿ ನೋಡಿದಳು. ಸರಿಯಾಗಿ ಹೊಡೆದಿದ್ದಾರೆಂದು ಖಾತ್ರಿ ಮಾಡಿಕೊಂಡು ಪೆನ್ನನ್ನು ವಾಪಸು ತೆಗೆದುಕೊಂಡಳು.

ಗೋಡೆ ಗಡಿಯಾರ ನೋಡಿ ಅವಳು ಕೋಟು ಹಾಕಿಕೊಂಡಳು. ಡೀಕನ್ ಇನ್ನೂ ಹೊರಡಲಿಲ್ಲ.

"ಕಾಲಿನ ಚಿಕಿತ್ಸೆಗೆ ಇವನನ್ನ ಯಾರು ಕರ್ಕೊಂಡು ಹೋಗ್ತಾರೆ?"

"ಕಾಲೇಜಿನ ವ್ಯಾನು ಬರ್ತಿತ್ತು. ಮುಂದಿನ ವಾರದಿಂದ ಬರಲ್ವಂತೆ."

"ನಾನು ಕರ್ಕೊಂಡು ಹೋಗ್ತೀನಿ."

ಬೇಡ ಎನ್ನಲು ಅವಳ ಬಾಯಿ ತೆರೆದದ್ದು ಕಂಡಿತು. ಆಸ್ಪತ್ರೆ ನಲವತ್ತು ಮೈಲಿ ದೂರ. ಅವಳ ಪಾಳಿ ಮೂರಕ್ಕೆ. ಅವಳು ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿಕೊಂಡಳು.

"ಮಂಗಳವಾರ, ಗುರುವಾರ. ಎರಡು ಗಂಟೆಗೆ. ಹೊರಗೆ ನಿಂತು ಹಾರ್ನ್ ಹೊಡೀರಿ, ಅವನೇ ಬರ್ತಾನೆ. ನೀವು ಒಳಗೆ ಬರಬೇಡಿ."

ಶುಕ್ರವಾರ ಕಾಲೇಜಿನ ಕ್ರೀಡಾ ಆಫೀಸಿನಿಂದ ಟಾಲಿವರ್ ಅವರಿಗೆ ಫೋನ್ ಬಂತು. ಹುಡುಗಿಯ ದನಿ ಸಿಹಿಯಾಗಿಯೇ ಇತ್ತು. ಹೊಸ ಕೋಚ್ ನಾಳೆ ಮೂರು ಮನೆಗಳಿಗೆ ಹೋಗುತ್ತಿದ್ದಾರೆ, ಡೀಕನ್ನರೂ ಬರಬೇಕು ಅಂದಳು.

"ನಾನು ಬರ್ತೀನಿ ಅಂತ ಅವರಿಗೆ ಯಾರು ಹೇಳಿದ್ದು?"

"ಹಳೇ ಕೋಚ್ ಬಿಟ್ಟುಹೋದ ಫೈಲಲ್ಲಿದೆ ಸರ್. ಮನೆ ಭೇಟಿಗೆ ಏನೇನು ಬೇಕು ಅಂತ ಒಂದು ಪಟ್ಟಿ. ವಿಡಿಯೊ, ಹುಡುಗನ ನಂಬರಿನ ಜೆರ್ಸಿ, ತಾಯಿಗೆ ಹೂವು. ಆಮೇಲೆ..." ಅವಳು ಓದಿದಳು. "ಟಾಲಿವರ್, ಬೈಬಲ್ ಸಮೇತ."

ಟಾಲಿವರ್ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದರು.

"ಸರ್, ಇದ್ದೀರಾ?"

"ನನಗೆ ಬೇರೆ ಕೆಲಸ ಇದೆ, ಮಗೂ."

"ಮುಂದಿನ ಶನಿವಾರ?"

"ಆಗಲೂ ಇದೆ."

ಮಂಗಳವಾರ ಊಟವಾದ ಮೇಲೆ ಅವರು ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಉದ್ದ ಕಾಲು ಚಾಚುವಷ್ಟು ಜಾಗ ಮಾಡಿದರು. ಮೊಣಕಾಲಿನ ಕೆಳಗೆ ಇಟ್ಟುಕೊಳ್ಳಲೆಂದು ಒಂದು ದಿಂಬನ್ನೂ ಇಟ್ಟರು. ವರ್ನೀಸ್‌ಳ ಮನೆಯ ಮುಂದೆ ನಿಲ್ಲಿಸಿದಾಗ ಎರಡಕ್ಕೆ ಐದು ನಿಮಿಷವಿತ್ತು. ಎರಡಾಗುವವರೆಗೂ ಕಾದು, ಒಂದೇ ಸಲ, ಮೆಲ್ಲಗೆ ಹಾರ್ನ್ ಒತ್ತಿದರು.

ಕೀಯಾನ್ ಊರುಗೋಲು ಊರಿಕೊಂಡು ಇಳಿದು ಬಂದ. ಕಾರಿನ ಮುಂದಿನ ಬಾಗಿಲ ಹತ್ತಿರ ಒಂದು ಗಳಿಗೆ ನಿಂತ. ಡೀಕನ್ ಒಳಗಿನಿಂದ ಕೈ ಚಾಚಿ ಆ ಬಾಗಿಲನ್ನು ಸ್ವಲ್ಪ ತೆರೆದರು. ಹುಡುಗ ಹಿಂದಿನ ಬಾಗಿಲು ತೆಗೆದು, ಮೊದಲು ಊರುಗೋಲು, ಆಮೇಲೆ ತಾನು ಒಳಗೆ ಕೂತು, ಪಟ್ಟಿ ಬಿಗಿದ ಕಾಲನ್ನು ಸೀಟಿನುದ್ದಕ್ಕೆ ಚಾಚಿಕೊಂಡ.

"ಕಾಲು ಚಾಚೋಕೆ ಇಲ್ಲೇ ಸರಿ ಹೋಗುತ್ತೆ," ಅಂದ.

"ಆಗಲಿ, ಮಗಾ."

ಡೀಕನ್ ಮುಂದಿನ ಬಾಗಿಲನ್ನು ಎಳೆದು ಹಾಕಿದರು. ದಿಂಬನ್ನು ಎತ್ತಿ ಹಿಂದಕ್ಕೆ ನೀಡಿದರು. ಹುಡುಗ ತೆಗೆದುಕೊಂಡು ಪಕ್ಕಕ್ಕೆ ಇಟ್ಟ. ಊರು ದಾಟಿದ ಮೇಲೆ ಎರಡೂ ಕಡೆ ಬಿಡಿಸಿ ಮುಗಿದ ಹತ್ತಿಯ ಹೊಲಗಳು. ಕಡ್ಡಿಗಳಿಗೆ ಅಲ್ಲಲ್ಲಿ ಹತ್ತಿಯ ಚೂರು ಅಂಟಿಕೊಂಡಿತ್ತು. ರಸ್ತೆ ಅಲ್ಲಲ್ಲಿ ಕಿತ್ತುಹೋಗಿತ್ತು. ಹಿಂದಿನಿಂದ ಲಾರಿಗಳು ಹಾರ್ನ್ ಹೊಡೆದು ದಾಟಿ ಹೋಗುತ್ತಿದ್ದರೂ, ಪ್ರತಿ ಗುಂಡಿಯ ಮುಂದೆ ಡೀಕನ್ ಕಾರನ್ನು ನಿಲ್ಲಿಸಿದಷ್ಟು ನಿಧಾನ ಮಾಡಿ, ಒಂದೊಂದೇ ಗಾಲಿ ಇಳಿಸಿ ಹತ್ತಿಸಿ, ಮುಂದಕ್ಕೆ ಹೋದರು.