ಸಿದ್ಧೇಶ್ವರ ಕಂಬಳಿ ಅಂಗಡಿಗೆ ಒಡೆಯರು ಯಾರು?

ಅರಸೀಕೆರೆಯ ಪೇಟೆ ಬೀದಿಯಲ್ಲಿ ಕೆಂಚಪ್ಪನವರ ಮನೆ ಮುಂದಿನ ಕಂಬಳಿ ಅಂಗಡಿಗೆ ಹೋಗಿ, "ಈ ಅಂಗಡಿ ಯಾರದು?" ಎಂದು ಕೇಳಿ ನೋಡಿ. "ನಂದು" ಎಂದು ಅವರು ಹೇಳುವವರಲ್ಲ. ಬೆಟ್ಟದ ದಿಕ್ಕಿಗೆ ತಿರುಗಿ ಎರಡೂ ಕೈ ಮುಗಿದು, "ಸಿದ್ಧೇಶ್ವರ ಸ್ವಾಮೀದು. ನಾನು ಬಾಗ್ಲು ತೆಗೆದು ಕಸ ಹೊಡೆಯೋನು" ಎನ್ನುವರು. ಅವರ ತಂದೆಯೂ ಹಾಗೆಯೇ ಹೇಳುತ್ತಿದ್ದರು, ತಾತನೂ ಹಾಗೆಯೇ. ಆ ಮನೆಯ ಮಕ್ಕಳು ಬಾಯಿ ತಪ್ಪಿ "ನಮ್ಮ ಅಂಗಡಿ" ಎಂದರೆ ತುಟಿಯ ಮೇಲೆ ಮೆಲ್ಲಗೆ ಒಂದು ಏಟು ಬೀಳುತ್ತಿತ್ತು.

ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಕೆಂಚಪ್ಪನವರು ಯಾರು, ಸ್ವಾಮಿ ಯಾರು ಎಂಬುದು ಎಲ್ಲರಿಗೂ ಗೊತ್ತು. ತೊಂದರೆ ಬಂದದ್ದು ಅಂಗಡಿ ಸಮುದ್ರ ದಾಟಿದಾಗ.

ಕೆಂಚಪ್ಪನವರ ತಮ್ಮ ಇಂದುಧರ ಎರಡು ವರ್ಷದ ಹಿಂದೆ ಸಿಲೋನಿಗೆ ಹೋದ. ಅಲ್ಲಿ ಬೆಟ್ಟದ ಮೇಲೆಲ್ಲ ಟೀ ತೋಟಗಳು. ಮಂಜು, ಮಳೆ, ಚಳಿ. ತೋಟದ ಆಳುಗಳಿಗೆ ಕಂಬಳಿ ಬೇಕು. ನಮ್ಮ ಕಡೆಯ ಕಂಬಳಿಯನ್ನು ತಲೆಯ ಮೇಲೆ ಹೊತ್ತು, ಜಿಗಣೆ ಕಚ್ಚಿಸಿಕೊಂಡು, ತೋಟದಿಂದ ತೋಟಕ್ಕೆ ನಡೆದು ಮಾರಿದ. ಈಗ ಕ್ಯಾಂಡಿ ಎಂಬ ಊರಿನಲ್ಲಿ ಒಂದು ಮಳಿಗೆ ಬಾಡಿಗೆಗೆ ಹಿಡಿದು, "ಶ್ರೀ ಸಿದ್ಧೇಶ್ವರ ಕಂಬಳಿ ಅಂಗಡಿ" ಎಂದು ಹಲಗೆ ಹಾಕಿದ್ದ. ಅಣ್ಣ, ತಮ್ಮ, ಕಂಬಳಿ ನೇಯಿಸಿ ಕೊಡುವ ಪುಟ್ಟಯ್ಯ, ಮೂವರೂ ಪಾಲುದಾರರು. ಪಾಲು ಮಾತ್ರ ಬಾಯಿ ಮಾತಿನದು.

ಇಂದುಧರನ ಹೆಂಡತಿ ದ್ರಾಕ್ಷಾಯಣಿ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಭಾವನ ಎದುರು ನಿಂತು ಮಾತಾಡುವುದು ಆ ಮನೆಯಲ್ಲಿ ಪದ್ಧತಿಯಲ್ಲ. ಭಾವನಿಗೆ ಏನಾದರೂ ಹೇಳಬೇಕಾದರೆ ಅವಳು ಅಡಿಗೆಮನೆ ಬಾಗಿಲ ಹಿಂದೆ ನಿಂತು, "ಅಕ್ಕಾ, ಭಾವನೋರಿಗೆ ಹೇಳಿ" ಎನ್ನುವಳು. ಭಾವ ಎರಡು ಮಾರು ದೂರದಲ್ಲೇ ಕೂತಿರುವರು, ಎಲ್ಲ ಕೇಳಿರುತ್ತದೆ. ಆದರೂ ಓರಗಿತ್ತಿ ಶಾಂತಾದೇವಿ ಅದನ್ನೇ ಇನ್ನೊಮ್ಮೆ ಹೇಳಬೇಕು.

"ನಾನೇನು ನಿಮ್ಮಿಬ್ರಿಗೂ ಟಪಾಲಿನವಳಾ?" ಎಂದು ಶಾಂತಾದೇವಿ ಗೊಣಗುವಳು. ಆದರೂ ಹೇಳುವಳು.

ಇಂದುಧರನ ಕಾಗದ ಓದುವುದು ಮಾತ್ರ ದ್ರಾಕ್ಷಾಯಣಿಯ ಕೆಲಸ. ಕೆಂಚಪ್ಪನವರಿಗೆ ಕನ್ನಡಕ ಹಾಕಿದರೂ ತಮ್ಮನ ಬರಹ ಇರುವೆ ಸಾಲಿನಂತೆ ಕಾಣುತ್ತಿತ್ತು. ಆ ದಿನ ಮಧ್ಯಾಹ್ನ ಕಾಗದ ಬಂತು. ಬಾಗಿಲ ಹಿಂದೆ ನಿಂತು ಅವಳು ಓದಿದಳು.

"ಪೂಜ್ಯ ಅಣ್ಣನವರಿಗೆ ನಮಸ್ಕಾರಗಳು. ಅಂಗಡಿ ತೆರೆದು ಇಂದಿಗೆ ಎರಡು ದಿನ. ನೀವು ತುಂಬಿಸಿ ಕಳಿಸಿದ ರಿಜಿಸ್ಟರು ನಮೂನೆಯನ್ನು ಇಂಗ್ಲಿಷಿನಲ್ಲಿ ಬರೆಸಿ ಸರ್ಕಾರಿ ಕಚೇರಿಗೆ ಕೊಟ್ಟೆ. ಅದು ವಾಪಸು ಬಂತು."

"ವಾಪಸಾ? ಯಾಕಂತೆ?" ಎಂದರು ಕೆಂಚಪ್ಪನವರು.

ಯಾಕೆ ಎಂಬುದು ದ್ರಾಕ್ಷಾಯಣಿಗೆ ಓದುವ ಮೊದಲೇ ತಿಳಿದಿತ್ತು. ಹಿಂದಿನ ತಿಂಗಳು ಭಾವನವರು ಆ ನಮೂನೆಯನ್ನು ತುಂಬಿಸುವಾಗ ಅವಳು ನೋಡಿದ್ದಳು. ಒಡೆಯರ ಹೆಸರು ಎಂಬಲ್ಲಿ 'ಶ್ರೀ ಸಿದ್ಧೇಶ್ವರ ಸ್ವಾಮಿ' ಎಂದು ಬರೆದಿದ್ದರು. ವಾಸಸ್ಥಳ, 'ಬೆಟ್ಟ'. ಬೇರೆ ಉದ್ಯೋಗವಿದ್ದರೆ ತಿಳಿಸಿ ಎಂಬಲ್ಲಿ 'ಲೋಕ ಕಾಯುವುದು'. ಅಂದು ಅವಳಿಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಬಾಯಿ ಮಾತ್ರ ಬಿಡಲಿಲ್ಲ.

ಅವಳು ಮುಂದೆ ಓದಿದಳು. "ಗುಮಾಸ್ತರು ಒಳ್ಳೆಯವರು, ನಗಲಿಲ್ಲ. 'ಅಂಗಡಿಗೆ ದೇವರ ಹೆಸರು ಇರಲಿ, ಅಡ್ಡಿಯಿಲ್ಲ. ಆದರೆ ಒಡೆಯರು ಎಂಬಲ್ಲಿ ಮನುಷ್ಯರ ಹೆಸರು ಬೇಕು. ಪಾಲುದಾರರೆಲ್ಲ ಸಹಿ ಮಾಡಬೇಕು. ಸ್ವಾಮಿಯವರು ಸಹಿ ಮಾಡಿಲ್ಲವಲ್ಲ' ಎಂದರು. ಅಂಗಡಿ ತೆರೆದ ಹದಿನಾಲ್ಕು ದಿನದೊಳಗೆ ಕೊಡಬೇಕು. ಮಳಿಗೆಯ ಯಜಮಾನರು, 'ನನ್ನ ಹೆಸರಿನಲ್ಲೇ ರಿಜಿಸ್ಟರು ಮಾಡಿಸುತ್ತೇನೆ, ನೀವು ಸುಮ್ಮನೆ ವ್ಯಾಪಾರ ಮಾಡಿಕೊಳ್ಳಿ' ಎನ್ನುತ್ತಾರೆ. ಈ ಕಾಗದದ ಜೊತೆ ಹೊಸ ನಮೂನೆ ಇಟ್ಟಿದ್ದೇನೆ. ನಿಮ್ಮ ಸಹಿ ಬಾರದಿದ್ದರೆ ಹಾಗೆಯೇ ಮಾಡಿಸಬೇಕಾಗುತ್ತದೆ."

ದ್ರಾಕ್ಷಾಯಣಿ ಬೆರಳು ಮಡಿಚಿದಳು. ಕಾಗದ ಬರಲು ಐದು ದಿನ. ಅಂಗಡಿ ತೆರೆದು ಈಗಾಗಲೇ ಒಂದು ವಾರ. ಇವತ್ತಿನ ಟಪಾಲಿಗೆ ಹೋದರೆ ಸಮಯಕ್ಕೆ ಮುಟ್ಟೀತು. ನಾಳೆ ಎಂದರೆ ಏನಾದೀತೋ.

ಕೆಂಚಪ್ಪನವರ ಮುಖ ಮಾತ್ರ ಅರಳಿತು. "ನೋಡ್ದೇನೇ ಶಾಂತಾ! ಎಂಥ ಒಳ್ಳೆ ಮನುಷ್ಯ ಆ ಯಜಮಾನ! ಅವನ ಹೆಸ್ರಲ್ಲೇ ಮಾಡಿಸ್ಲಿ. ಒಡೆಯ ಅಂತ ಬರೆದ ಪಾಪ ನಮಗೆ ಬರಲ್ಲ. ಅಂಗಡಿ ಎಲ್ಲಿಗೆ ಹೋದೀತು? ಅಲ್ಲೇ ಇರತ್ತೆ."

"ಹಂಗಂದ್ಕೊಂಡೇ ನಾವು ಕೆಟ್ವು ಕಣಪ್ಪ" ಎಂಬ ಮಾತು ಹಿತ್ತಿಲ ಕಡೆಯಿಂದ ಬಂತು. ಪಕ್ಕದ ಮನೆಯ ವಿಶಾಲಮ್ಮ, ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದು ಬಂದವರು, ಕಾಗದ ಓದುವುದು ಕೇಳಿ ಅಲ್ಲೇ ನಿಂತಿದ್ದರು. ಗಂಡನ ಜೊತೆ ಹನ್ನೆರಡು ವರ್ಷ ಕೊಲಂಬೋದಲ್ಲಿ ಕಾಫಿ ಹೋಟೆಲು ನಡೆಸಿ ಬಂದವರು ಅವರು.

"ವಿಶಾಲಕ್ಕ, ನಿಮ್ಮ ಹೋಟ್ಲು ಕೈಬಿಟ್ಟಿದ್ದು ವ್ಯಾಪಾರ ಇಲ್ದೆ ಅಲ್ವಾ?" ಎಂದರು ಕೆಂಚಪ್ಪನವರು.

"ವ್ಯಾಪಾರಕ್ಕೇನಾಗಿತ್ತು? ಬೆಳಗಾದ್ರೆ ಬೆಂಚಿ ತುಂಬೋದು. ನಮ್ಮೋರಿಗೆ ಒಬ್ಬ ಸ್ನೇಹಿತ ಇದ್ದ. ರಿಜಿಸ್ಟ್ರು ಕಾಗದ ಯಾರ ಹೆಸ್ರಲ್ಲಾದ್ರೆ ಏನು, ನೀನೇ ಬರೆಸಪ್ಪ ಅಂದ್ಬಿಟ್ರು. ಅವನೇನು ಕೆಟ್ಟೋನಲ್ಲ, ಸುಳ್ಳು ಹೇಳಬಾರ್ದು. ಇರೋವರ್ಗೂ ಅಣ್ಣನಂಗೆ ಇದ್ದ. ಆದ್ರೆ ಸತ್ತೋದ."

"ಅಯ್ಯೋ" ಎಂದಳು ಶಾಂತಾದೇವಿ.

"ಹದಿಮೂರನೇ ದಿನ ಅವನ ಅಳಿಯ ಬಂದ. ಗೋಡೆ ಮೇಲಿನ ಕಾಗದ ತೋರ್ಸಿ, ಹೋಟ್ಲು ನಮ್ಮಾವಂದು, ನೀವ್ಯಾರು ಅಂದ. ನಾವ್ಯಾರು? ಹನ್ನೆರಡು ವರ್ಷ ಹಿಟ್ಟು ರುಬ್ಬಿದ ಕೈ ತೋರ್ಸಿದ್ರೆ ಕಚೇರೀಲಿ ಕೇಳ್ತಾರಾ? ಒಂದು ಟ್ರಂಕು ಹಿಡ್ಕೊಂಡು ಹಡಗು ಹತ್ತಿದ್ವಿ."

ಶಾಂತಾದೇವಿ ಅವರ ಬಟ್ಟಲು ಇಸಿದುಕೊಂಡು ಕೆಳಗಿಟ್ಟಳು. ಮಜ್ಜಿಗೆಯ ಮಾತು ಯಾರಿಗೂ ನೆನಪಾಗಲಿಲ್ಲ.

ಕೆಂಚಪ್ಪನವರು ತಲೆಯಾಡಿಸಿದರು. "ನೀವು ಹೇಳಾದು ಸರಿ ಅಕ್ಕ. ಆದ್ರೆ ನನ್ನ ಕಷ್ಟ ಬೇರೆ. ಮೂರು ತಲೆಯಿಂದ ಸ್ವಾಮಿ ಅಂಗಡಿ ಅಂತ ನಡ್ಕೊಂಡ್ ಬಂದೈತೆ. ನಾನು ಒಡೆಯ ಅಂತ ಬರೆದು ಸಹಿ ಹಾಕಿದ್ರೆ ಯಾವ ಮುಖ ಇಟ್ಕೊಂಡು ಬೆಟ್ಟ ಹತ್ತಲಿ? ಅಂಗಡಿ ಹೋದ್ರೂ ಹೋಗ್ಲಿ."

ಅಷ್ಟರಲ್ಲಿ ಪುಟ್ಟಯ್ಯ ಕಂಬಳಿ ಮೂಟೆ ಹೊತ್ತು ಬಂದ. ಜಗಲಿಯ ಮೇಲೆ ಮೂಟೆ ಇಳಿಸಿ, ಎಲ್ಲರ ಮುಖ ನೋಡಿ, "ಏನ್ರಪ್ಪಾ, ಯಾರಿಗೆ ಮೈ ಸರಿಯಿಲ್ಲ?" ಎಂದ.

"ಮೈಗೇನಾಗಿಲ್ಲ ಪುಟ್ಟಯ್ಯ, ತಲೆಗೆ" ಎಂದು ಶಾಂತಾದೇವಿ ಗಂಡನ ಕಡೆ ಕಣ್ಣು ತೋರಿಸಿದಳು. ವಿಶಾಲಮ್ಮ ವಿಷಯವನ್ನೆಲ್ಲ ಹೇಳಿದರು.

"ನಂಗೇನ್ ಗೊತ್ತಾಯ್ತದೆ, ಯಜಮಾನ್ರು ಅಂದಂಗೆ" ಎಂದ ಪುಟ್ಟಯ್ಯ. ಆದರೆ ಮೂಟೆಯ ಮೇಲಿದ್ದ ಅವನ ಕೈ ಹಾಗೇ ನಿಂತಿತು. ಅವನೂರಿನ ಆರು ಮನೆಯ ಮಗ್ಗಗಳು ಕ್ಯಾಂಡಿಯ ಅಂಗಡಿಯನ್ನು ನಂಬಿಕೊಂಡಿದ್ದವು.

ಕೆಂಚಪ್ಪನವರು ಎದ್ದು ರುಮಾಲು ಸುತ್ತಿಕೊಂಡರು. "ತಂತಿ ಕೊಟ್ಟು ಬತ್ತೀನಿ. ಮಳಿಗೆ ಯಜಮಾನ್ರ ಹೆಸ್ರಲ್ಲೇ ಮಾಡಿಸಪ್ಪ ಅಂತ."

ದ್ರಾಕ್ಷಾಯಣಿ ಬಾಗಿಲ ಹಿಂದೆ, "ಅಕ್ಕಾ, ಭಾವನೋರಿಗೆ ಹೇಳಿ..." ಎಂದು ಶುರುಮಾಡಿದಳು. ಅಕ್ಕನಿಗೆ ಕೇಳಿಸಲಿಲ್ಲ. ಚಪ್ಪಲಿ ಮೆಟ್ಟುವ ಸದ್ದಾಯಿತು. ಗಂಡ ಎರಡು ವರ್ಷ ತಲೆಯ ಮೇಲೆ ಹೊತ್ತದ್ದು ಇನ್ನೊಂದು ಗಳಿಗೆಯಲ್ಲಿ ಇನ್ನಾರದೋ ಆಗಿಬಿಡುತ್ತದೆ. ಅವಳ ಕಾಲು ತಾನಾಗಿ ಹೊಸ್ತಿಲು ದಾಟಿತು.

"ಭಾವ, ನಿಲ್ಲಿ."

ಎಲ್ಲರೂ ತಿರುಗಿದರು. ಅವಳ ಕಣ್ಣು ನೆಲದ ಮೇಲಿತ್ತು, ಆದರೆ ಮಾತು ನಿಲ್ಲಲಿಲ್ಲ.

"ಮೊನ್ನೆ ಬಾಣಾವರದೋನು ನುಸಿ ಹಿಡಿದ ಕಂಬಳಿ ತಂದು ಅಂಗಡಿ ಮುಂದೆ ಕೂಗಾಡ್ದ. ಈ ಅಂಗಡಿ ಒಡೆಯನ ಮನೆ ಹಾಳಾಗ ಅಂದ. ಆವಾಗ ನೀವು ಏನು ಮಾಡಿದ್ರಿ?"

ಕೆಂಚಪ್ಪನವರು ರುಮಾಲು ಸರಿಮಾಡಿಕೊಂಡರು.

"ಓಡಿ ಬಂದು ಎದುರಿಗೆ ನಿಂತ್ರಿ. ಸ್ವಾಮಿನ ಬೈಬೇಡ ಕಣಪ್ಪ, ನಾನು ಇದೀನಿ, ನನ್ನ ಬೈಯಿ ಅಂದ್ರಿ. ಬೇರೆ ಕಂಬಳಿ ಕೊಟ್ರಿ. ನಾನು ಒಳಗಿಂದ ನೋಡ್ತಾ ಇದ್ದೆ." ಅವಳು ಉಸಿರು ತೆಗೆದುಕೊಂಡಳು. "ಕ್ಯಾಂಡೀಲಿ ಕೂಗಾಡೋರು ಇರಲ್ವಾ ಭಾವ? ಅಲ್ಲಿಯೋರಿಗೆ ಬೆಟ್ಟ ಗೊತ್ತಾ? ಕಾಗದದಲ್ಲಿ ಸ್ವಾಮಿ ಹೆಸ್ರು ಇದ್ರೆ ಸ್ವಾಮಿಗೇ ಸಮನ್ಸು ಬರತ್ತೆ. ಸ್ವಾಮಿನ ಕಟಕಟೇಲಿ ನಿಲ್ಲಿಸ್ತೀರಾ? ಮಳಿಗೆ ಯಜಮಾನ್ರ ಹೆಸ್ರು ಇದ್ರೆ ಅಂಗಡಿ ಸ್ವಾಮೀದೂ ಅಲ್ಲ, ಅವರದಾಗತ್ತೆ. ಒಡೆಯ ಅಂತ ಅವರು ಕೇಳ್ತಿರೋದು ದೊಡ್ಡಸ್ತಿಕೆಗಲ್ಲ. ಕೇಳಿದಾಗ ಎದುರಿಗೆ ಬಂದು ನಿಲ್ಲೋರು ಯಾರು ಅಂತ."

ಇಷ್ಟು ಹೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೆಂಚಪ್ಪನವರು ಒಂದು ಕಾಲಿನ ಚಪ್ಪಲಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಇನ್ನೊಂದನ್ನೂ ಬಿಟ್ಟರು. ಚಾಪೆಯ ಮೇಲೆ ಬಂದು ಕೂತರು.

"ಶಾಂತಾ, ಮಸಿ ತಗೊಂಬಾ."

"ದೇವರು ದೊಡ್ಡೋನು" ಎಂದರು ವಿಶಾಲಮ್ಮ. "ಆದ್ರೆ ಇಂಗ್ಲಿಷ್ ನಮೂನೆ ಕಣಪ್ಪ, ಹಂಗೇ ಗೀಚ್ಬೇಡ. ತಾಲೂಕು ಕಚೇರಿ ಮುಂದೆ ಅರ್ಜಿ ಬರೆಯೋ ಗಂಗಾಧರಪ್ಪನ್ನ ಕರೆಸು. ಬರೆದದ್ದನ್ನ ಕನ್ನಡದಲ್ಲಿ ಓದಿ ಹೇಳ್ಲಿ. ಕೇಳಿದ ಮೇಲೆ ಸಹಿ."

ಪುಟ್ಟಯ್ಯ ಓಡಿ ಹೋಗಿ ಗಂಗಾಧರಪ್ಪನವರನ್ನು ಕರೆತಂದ. ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿ ಒಂದೊಂದೇ ಕೇಳಿದರು. ಒಡೆಯರ ಹೆಸರು. ಹಿಂದೆ ಬೇರೆ ಹೆಸರಿತ್ತೇ. ಯಾವ ಸೀಮೆಯವರು, ಎಲ್ಲಿ ವಾಸ, ಬೇರೆ ಉದ್ಯೋಗ ಏನು. ಕೆಂಚಪ್ಪನವರು ತಮ್ಮ ಹೆಸರು ಹೇಳಿದರು, ತಮ್ಮನ ಹೆಸರು ಹೇಳಿದರು. ಬೇರೆ ಉದ್ಯೋಗ ಎಂದಾಗ, "ಕೊಬ್ಬರಿ ವ್ಯಾಪಾರ" ಎಂದರು. ಆಮೇಲೆ, "ಪುಟ್ಟಯ್ಯನ ಹೆಸ್ರೂ ಬರೀರಿ" ಎಂದರು.

ಪುಟ್ಟಯ್ಯ ಹಿಂದೆ ಸರಿದ. "ನಂದ್ಯಾಕೆ ಯಜಮಾನ್ರೆ? ನಿಮ್ಮ ಮಾತೈತಲ್ಲ, ಸಾಕು."

"ನನ್ನ ಮಾತು ನಾನಿರೋವರ್ಗೂ ಕಣಯ್ಯ. ವಿಶಾಲಕ್ಕನ ಕಥೆ ಕೇಳ್ಲಿಲ್ವಾ? ಬಾಯಿ ಮಾತಿನ ಪಾಲು, ಬಾಯಿ ಮುಚ್ಚಿದ ದಿನ ಹೋಯ್ತು. ಬಾ, ಓದೋದು ಕೇಳಿ ಹೆಬ್ಬೆಟ್ಟು ಕೊಡು."

ಪುಟ್ಟಯ್ಯ ಬೆರಳನ್ನು ಪಂಚೆಗೆ ಮೂರು ಸಲ ಒರೆಸಿಕೊಂಡ.

ಗಂಗಾಧರಪ್ಪನವರು ಎಲ್ಲವನ್ನೂ ನಮೂನೆಯಲ್ಲಿ ಇಂಗ್ಲಿಷಿನಲ್ಲಿ ತುಂಬಿ, ಅದನ್ನೇ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದರು. ಕೆಂಚಪ್ಪನವರು ಅದನ್ನು ಹಿಡಿದು, ಹೆಂಡತಿಯ ಕಡೆ ನೋಡದೆ, ನೇರವಾಗಿ ದ್ರಾಕ್ಷಾಯಣಿಗೆ ಹೇಳಿದರು. "ಓದಮ್ಮ, ಕೇಳೋಣ. ಸರಿಯಾಗೈತಾ ನೀನೇ ನೋಡು."

ಅವಳು ಓದಿದಳು. ಒಂದು ಕಡೆ ಪುಟ್ಟಯ್ಯನ ಊರಿನ ಹೆಸರು ಬಿಟ್ಟುಹೋಗಿತ್ತು, ತೋರಿಸಿದಳು. ಅದನ್ನು ಎರಡರಲ್ಲೂ ಸೇರಿಸಿದ ಮೇಲೆ ಕೆಂಚಪ್ಪನವರು ಸಹಿ ಮಾಡಿದರು, ಪುಟ್ಟಯ್ಯ ಹೆಬ್ಬೆಟ್ಟು ಒತ್ತಿದ. ಕನ್ನಡದ ಹಾಳೆ ಮನೆಯ ಪೆಟ್ಟಿಗೆಗೆ ಹೋಯಿತು, ನಮೂನೆ ರಿಜಿಸ್ಟರ್ ಟಪಾಲಿಗೆ. ಸಂಜೆಯ ರೈಲು ಬೆಂಗಳೂರಿನ ಕಡೆಗೆ ಹೊರಡುವಾಗ ಅದು ರೈಲಿನ ಟಪಾಲು ಬೋಗಿಯಲ್ಲಿತ್ತು.

"ನನ್ನ ಟಪಾಲಿನ ಕೆಲಸ ಇವತ್ತಿಗೆ ಹೋಯ್ತು" ಎಂದು ಶಾಂತಾದೇವಿ ದ್ರಾಕ್ಷಾಯಣಿಯ ಕೆನ್ನೆ ಹಿಂಡಿದಳು.

ಮರುದಿನ ಬೆಳಿಗ್ಗೆ ಕೆಂಚಪ್ಪನವರು ಬೆಟ್ಟ ಹತ್ತಿದರು. ಇಳಿದು ಬಂದಾಗ ಮನೆಯವರೆಲ್ಲ ಬಾಗಿಲಲ್ಲಿದ್ದರು. "ಎಲ್ಲ ಹೇಳ್ದೆ" ಎಂದರು, ಕಾಲು ತೊಳೆಯುತ್ತ. "ಸ್ವಾಮಿ ಏನೂ ಬೇಜಾರು ಮಾಡ್ಕೊಂಡಂಗೆ ಕಾಣ್ಲಿಲ್ಲ."

ಮೂರು ವಾರಕ್ಕೆ ಇಂದುಧರನ ಕಾಗದ ಬಂತು. ನಮೂನೆ ಕೊನೆಯ ದಿನಕ್ಕೆ ಒಂದು ದಿನ ಮುಂಚೆ ಮುಟ್ಟಿತ್ತು. ಸರ್ಕಾರದ ಮೊಹರಿನ ಕಾಗದ ಬಂದಿದೆ, ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ಹಾಕಿದ್ದೇನೆ, ಅದರಲ್ಲಿ ಮೂವರ ಹೆಸರೂ ಇದೆ ಎಂದು ಬರೆದಿದ್ದ. ಮಳಿಗೆಯ ಯಜಮಾನರು ಬಂದು ಓದಿ ನೋಡಿ, ಬಾಡಿಗೆ ಕರಾರನ್ನೂ ಈ ಮೂರು ಹೆಸರಿಗೇ ಬರೆಯೋಣ ಎಂದರಂತೆ. ಕೊನೆಯ ಸಾಲು ದ್ರಾಕ್ಷಾಯಣಿಗೆ. 'ಮಳೆಗಾಲ ಕಳೆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ.' ಆ ಸಾಲನ್ನು ಅವಳು ಗಟ್ಟಿಯಾಗಿ ಓದಲಿಲ್ಲ.

ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯಿಂದಲೂ ಯಾರಾದರೂ ಕೊಲಂಬೋಗೋ ರಂಗೂನಿಗೋ ಸಿಂಗಪುರಕ್ಕೋ ಅಂಗಡಿ ಇಡಲು ಹೊರಟಿರಬಹುದು. ನಮ್ಮೂರ ಪದ್ಧತಿ ನಮ್ಮೂರಿಗೆ ಚೆಂದ. ಆ ದೇಶದ ಕಾನೂನು ಬೇರೆ ಇರುತ್ತದೆ. ಬಾಗಿಲು ತೆರೆಯುವ ಮೊದಲೇ ಅಲ್ಲಿನ ಕಚೇರಿಯಲ್ಲಿ ಕೇಳಿ: ರಿಜಿಸ್ಟರು ಮಾಡಿಸಬೇಕೇ, ಎಷ್ಟು ದಿನದೊಳಗೆ, ಯಾರಾರ ಸಹಿ ಬೇಕು? ಹಲಗೆಯ ಮೇಲೆ ನಿಮ್ಮ ಮನೆದೇವರ ಹೆಸರು ಧಾರಾಳವಾಗಿ ಇರಲಿ. ಕಾಗದದಲ್ಲಿ ಮಾತ್ರ ದುಡಿಯುವವರ ಹೆಸರು ಇರಲಿ, ಪಾಲುದಾರರೆಲ್ಲರ ಹೆಸರೂ ಇರಲಿ. ಎಷ್ಟೇ ಒಳ್ಳೆಯವನಾದರೂ ಇನ್ನೊಬ್ಬನ ಹೆಸರಿನಲ್ಲಿ ನಿಮ್ಮ ಅಂಗಡಿ ಬರೆಸಬೇಡಿ. ಅರ್ಥವಾಗದ ಭಾಷೆಯ ಕಾಗದಕ್ಕೆ, ಕನ್ನಡದಲ್ಲಿ ಓದಿಸಿ ಕೇಳದೆ ಸಹಿ ಹಾಕಬೇಡಿ, ಒಂದು ನಕಲು ಮನೆಯಲ್ಲಿಡಿ.

ಮನೆಯ ಹೆಣ್ಣುಮಕ್ಕಳಿಗೆ ಓದು ಬರುತ್ತದೆಯೇ? ಅವರ ಕೈಗೆ ಕೊಟ್ಟು ಓದಿಸಿ. ಓದುವ ತಂಗಿಯರೇ, ತಪ್ಪು ಕಂಡರೆ ಸುಮ್ಮನಿರಬೇಡಿ, ಹೊರಗೆ ಬಂದು ಹೇಳಿ. ಟಪಾಲು ಹೊರಡುವ ಮೊದಲೇ ಹೇಳಿ.