ಕುಲಾವಿ ಅನ್ನಬಾರದು

ಮೊದಲನೆಯದನ್ನು ಮನೆಗೆ ತಂದ ದಿನ ವೇದಾ ಅದನ್ನು ಕುಲಾವಿ ಅಂದಿದ್ದಳು. ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೆತ್ತನೆಯ ಕಂದು ತೊಗಲು, ಎರಡು ಕಿವಿಗೂ ಇಳಿಬಿಟ್ಟ ಪಟ್ಟಿ, ಗದ್ದದ ಕೆಳಗೆ ಬಿಗಿಯಲು ಒಂದು ಬಾರು. ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ಹಿಡಿದು ಕೂಸಿನ ತಲೆಗೆ ಕಟ್ಟುತ್ತಾರಲ್ಲ, ಥೇಟ್ ಅದೇ ಆಕಾರ. ಕೂಸು ಮಾತ್ರ ಸ್ವಲ್ಪ ದೊಡ್ಡದಿರಬೇಕು, ಅಷ್ಟೆ. ಆದರೆ ಅದನ್ನು ತಂದ ಗಂಡ ಯಜ್ಞನಾರಾಯಣನ ಮುಖ ಗಂಟುಹಾಕಿಕೊಂಡಿತು.

"ಕುಲಾವಿ ಅಂತೆ ಕುಲಾವಿ! ಇದು ಹೆಲ್ಮೆಟ್ ಕಣೇ. ಅಮೆರಿಕದ ನೌಕಾಪಡೆ ಪೈಲಟ್ ಯುದ್ಧದಲ್ಲಿ ಹಾಕ್ಕೊಂಡಿದ್ದು. ನಾಲ್ಕು ಜನರ ಮುಂದೆ ಹಾಗಂದೀಯ, ಮರ್ಯಾದೆ ಹೋಗತ್ತೆ."

ತೊಂಬತ್ತೆರಡೋ ತೊಂಬತ್ತಮೂರೋ ಇರಬೇಕು ಆಗ. ಯಜ್ಞನಾರಾಯಣ ವಿಮಾನ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದ. ಜೀವಮಾನವಿಡೀ ವಿಮಾನದ ಬಿಡಿಭಾಗಗಳನ್ನು ಎತ್ತಿ ಕೊಟ್ಟವನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳು ಇಲ್ಲಿಗೆ ರಿಪೇರಿಗೆ ಬರುತ್ತಿದ್ದವು, ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು ಎಂದು ಹಳಬರು ಹೇಳಿದ್ದನ್ನು ಕೇಳಿ ಕೇಳಿ ಅವನ ತಲೆಗೆ ಹುಳ ಹೊಕ್ಕಿತ್ತು. ಆ ಪೈಲಟ್‌ಗಳು ಬಿಟ್ಟುಹೋದದ್ದೆಲ್ಲ ಎಲ್ಲಿ ಹೋಯಿತು? ಹೋಗುವುದೆಲ್ಲಿಗೆ, ಶಿವಾಜಿನಗರದ ಗುಜರಿಗೆ. ಭಾನುವಾರ ಬೆಳಗಾದರೆ ಅವನು ಗುಲ್ಷನ್ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಗೋಣಿಚೀಲಗಳನ್ನು ಕೆದಕುತ್ತಿದ್ದ. ಗುಲ್ಷನ್ ಘಾಟಿ ಆಸಾಮಿ. ಆ ಮೊದಲ ಹೆಲ್ಮೆಟನ್ನು ಕೈಗಿಡುವಾಗ, "ಸಾಬ್, ಇದು ಹಾಕಿದ್ ಆದ್ಮಿ ವಿಮಾನ ಸಮೇತ ಸಮುದ್ರಕ್ಕೆ ಬಿದ್ದು ಜಿಂದಾ ವಾಪಸ್ ಬಂದ. ತಲೆಗೆ ಒಂದು ಗೀರು ಇಲ್ಲ. ಅಲ್ಲಾಹ್ ಕಸಮ್," ಅಂದಿದ್ದ. ಕೊಳ್ಳುವವನ ಕಣ್ಣು ಹೊಳೆದದ್ದು ನೋಡಿ ಕಥೆ ಕಟ್ಟಿದ್ದ ಎನ್ನುವುದು ಯಜ್ಞನಾರಾಯಣನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನು ಕಥೆಯನ್ನು ಹೆಲ್ಮೆಟ್ಟಿನ ಜೊತೆಗೇ ಮನೆಗೆ ತಂದ.

ಬರಬರುತ್ತಾ ಇಂದಿರಾನಗರದ ಮನೆಯ ನಡುಕೋಣೆ ತುಂಬಿಹೋಯಿತು. ರಬ್ಬರು ಬಿರುಕುಬಿಟ್ಟ ಕನ್ನಡಕಗಳು, ಗಂಟಲಿಗೆ ಕಟ್ಟುವ ಮೈಕು, ನೀರಿಗೆ ಬಿದ್ದರೆ ಊದಿಕೊಳ್ಳುವ ಹಳದಿ ಜಾಕೀಟು, ಬಿಳಿ ಬಟ್ಟೆಯ ಬೇಸಿಗೆ ಹೆಲ್ಮೆಟ್‌ಗಳು, ಉಣ್ಣೆ ಹಚ್ಚಿದ ಚಳಿಗಾಲದವು. ಕೆಲವು ಗುಲ್ಷನ್ ಕೊಟ್ಟವು, ಕೆಲವು ಟಪಾಲಿನಲ್ಲಿ ಹೊರದೇಶದಿಂದ ಬಂದವು. ಎಲ್ಲಕ್ಕೂ ಮರದ ತಲೆ ಮಾಡಿಸಿ, ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂರಿಸಿದ್ದ. ನಟ್ಟನಡುವೆ ಆ ಕಂದು ತೊಗಲಿನದು. ನೆಂಟರು ಬಂದರೆ ಕಾಫಿಗೆ ಮೊದಲು ಕಪಾಟಿನ ದರ್ಶನ. "ಈ ಹೆಲ್ಮೆಟ್ ಒಂದು ಜೀವ ಉಳಿಸಿದೆ," ಎಂದು ಗುಲ್ಷನ್ ಕಥೆಯನ್ನು ಅವನು ಹೇಳುತ್ತಿದ್ದ ಗತ್ತಿಗೆ ಸ್ವತಃ ಗುಲ್ಷನ್ನೇ ನಂಬಿಬಿಡಬೇಕಿತ್ತು. ಬಾಯಿತಪ್ಪಿ ಯಾರಾದರೂ ಟೋಪಿ ಅಂದರೆ ತಿದ್ದುತ್ತಿದ್ದ. ವೇದಾಳನ್ನಂತೂ ಎಷ್ಟು ತಿದ್ದಿದನೆಂದರೆ, ಅವಳ ಬಾಯಲ್ಲಿ ಕುಲಾವಿ ಎಂಬ ಮಾತೇ ಸತ್ತುಹೋಯಿತು. ಮನೆಗೆಲಸಕ್ಕೆ ಬರುತ್ತಿದ್ದ ಶಹಾಪುರದ ಕಡೆಯ ಜಟ್ಟೆಮ್ಮ ಧೂಳು ಹೊಡೆಯುತ್ತಾ, "ಇಷ್ಟ್ಯಾಕ್ರಿ ಅಮ್ಮಾರೆ ಕೂಸಿನ ಕುಂಚಿಗಿ?" ಎಂದು ಕೇಳಿದಾಗ ವೇದಾಳೇ ತಿದ್ದಿದಳು: "ಕುಂಚಿಗೆ ಅಲ್ವೇ, ಹೆಲ್ಮೆಟ್. ಸರ್ ಕೇಳಿದ್ರೆ ಬೈತಾರೆ."

ನಿಜ ಸಂಗತಿ ಬೇರೆಯೇ ಇತ್ತು. ಅದು ತಲೆ ಉಳಿಸುವ ವಸ್ತುವೇ ಅಲ್ಲ. ಕಿವಿಗೆ ರೇಡಿಯೋ ಹಿಡಿಸಲು, ಕಣ್ಣಿನ ಕನ್ನಡಕ ಜಾರದಿರಲು, ಮೇಲಿನ ಚಳಿಗೆ ಕಿವಿ ಬೆಚ್ಚಗಿರಲು ಹೊಲಿದ ತೊಗಲು. ತೆಂಗಿನಕಾಯಿ ಬಿದ್ದರೂ ತಡೆಯದು. ಯಜ್ಞನಾರಾಯಣನಿಗೆ ಇದು ಚೆನ್ನಾಗಿ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕಥೆಯಲ್ಲಿ ಉಳಿಯುವುದೇನು?

ಎರಡು ಸಾವಿರದ ಆರರ ಕೊನೆಗೆ ಊರಲ್ಲಿ ಹೆಲ್ಮೆಟ್ ಕಡ್ಡಾಯವಾಯಿತು. ಸಿಗ್ನಲ್ಲಿಗೊಬ್ಬ ಪೊಲೀಸ್. ಬೊಕ್ಕತಲೆಯವರು, ಜುಟ್ಟಿನವರು, ಎಲ್ಲರೂ ಶಾಪ ಹಾಕುತ್ತಲೇ ತಲೆ ಮುಚ್ಚಿಕೊಂಡರು. ಯಜ್ಞನಾರಾಯಣ ಆಗಲೇ ನಿವೃತ್ತನಾಗಿದ್ದ. ಸ್ಕೂಟರಿಗೆಂದು ಗಟ್ಟಿಯಾದ ಒಂದು ಕರಿ ಹೆಲ್ಮೆಟ್ ತಂದು ಬಾಗಿಲ ಮೊಳೆಗೆ ನೇತುಹಾಕಿದ. ಅದರ ಮೇಲೆ ಅವನಿಗೆ ಪ್ರೀತಿಯೇನೂ ಇರಲಿಲ್ಲ.

ಒಂದು ಸಂಜೆ ಕಾಫಿ ಮುಗಿಸಿ ನಡುಕೋಣೆಗೆ ಹೋದವನು ಕಪಾಟಿನ ಮುಂದೆ ಕಲ್ಲಾಗಿ ನಿಂತ. ನಡುವಿನ ಮರದ ತಲೆ ಬೋಳಾಗಿತ್ತು.

"ವೇದಾ! ನನ್ನ ಹೆಲ್ಮೆಟ್ ಎಲ್ಲಿ?"

"ಮೊನ್ನೆ ಜಟ್ಟೆಮ್ಮನ ಗಂಡಂಗೆ ಕೊಟ್ಟೆ ರೀ." ವೇದಾ ಸೊಪ್ಪು ಬಿಡಿಸುತ್ತಲೇ ಹೇಳಿದಳು. "ಪಾಪ, ಶಿವಪುತ್ರನ್ನ ದಿನಾ ಪೊಲೀಸ್ನೋರು ಹಿಡೀತಿದಾರಂತೆ. ಅವಳು ಬಂದು ಗೋಳೋ ಅಂತ ಅತ್ತಳು. ಮನೇಲಿ ನೋಡಿದ್ರೆ ಹೆಲ್ಮೆಟ್ಟೇ ಹೆಲ್ಮೆಟ್ಟು. ಮರದ ತಲೆಗಿರೋದು ಒಂದು ಬಡವನ ತಲೆಗಿರ್ಲಿ ಅನ್ನಿಸ್ತು."

"ಇಷ್ಟಿದಾವಲ್ಲೇ! ಅದನ್ನೇ ಯಾಕೆ ಕೊಟ್ಟೆ?"

"ನೀವೇ ಹೇಳ್ತೀರಲ್ಲ, ಜೀವ ಉಳಿಸಿದ್ದು ಅದೇ ಅಂತ. ಇನ್ಯಾವುದನ್ನ ಕೊಡ್ಲಿ?"

 ಇದು ಬರೀ ತೊಗಲು ಕಣೇ ಎಂದು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಶಿವಪುತ್ರನ ಬೆವರು ತೊಗಲಿಗೆ ಇಳಿಯುವುದು, ಒಳಗೆ ನೌಕಾಪಡೆ ಒತ್ತಿದ್ದ ಮಸುಕಾದ ಅಕ್ಷರಗಳು ಅಳಿಸಿಹೋಗುವುದು, ಅಷ್ಟೇ ಕಣ್ಣಿಗೆ ಕಟ್ಟಿತ್ತು. ಶಿವಪುತ್ರನ ಕೆಲಸದ ಜಾಗ ಎಲ್ಲೆಂದು ವೇದಾಳಿಂದ ಕೇಳಿಕೊಂಡು, ಮೊಳೆಯಿಂದ ಕರಿ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡು ಸ್ಕೂಟರ್ ಒದ್ದ.

ಶಿವಪುತ್ರ ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಹತ್ತಿರ ಹೊಸ ಕಟ್ಟಡವೊಂದಕ್ಕೆ ಬಣ್ಣ ಬಳಿಯುತ್ತಿದ್ದ. ಕೆಲಸ ಮುಗಿಸಿ ಲಿಂಗರಾಜಪುರದ ಬಾಡಿಗೆ ಕೋಣೆಗೆ ಹೊರಡಲು ಹಳೆಯ ಮೊಪೆಡ್ ಹತ್ತಿದ್ದ. ಬಾರನ್ನು ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿದ್ದ. ಸುಣ್ಣದ ಧೂಳು ಮೆತ್ತಿದ ಆ ಕಪ್ಪು ಮುಖ ತೊಗಲಿನ ಚೌಕಟ್ಟಿನೊಳಗೆ ನಗುತ್ತಿತ್ತು. ನಿಜ ಹೇಳಬೇಕೆಂದರೆ ಅಷ್ಟು ವರ್ಷದಲ್ಲಿ ಆ ಹೆಲ್ಮೆಟ್ ಯಾರಿಗಾದರೂ ಒಪ್ಪಿದ್ದರೆ ಅವನಿಗೇ.

"ನಮಸ್ಕಾರ್ರಿ ಸರ! ನೀವ್ಯಾಕ ಬರಾಕ ಹೋದ್ರಿ? ಭಾಳ ಛಲೋ ಅದರಿ ಇದು. ನಿನ್ನೆ ಪೊಲೀಸ್ನವ ತಡದು, ಯಾವ ದೇಶದ್ದಪ್ಪಾ ಅಂತ ಕೇಳಿ ನಕ್ಕೊಂತ ಬಿಟ್ಟ. ಇದು ತಲಿ ಮ್ಯಾಲಿದ್ರ ಏನೂ ಆಗಂಗಿಲ್ಲ ಅಂತ ಅಮ್ಮಾರು ಹೇಳ್ಯಾರ."

ಯಜ್ಞನಾರಾಯಣನ ಕಣ್ಣು ಕಿವಿಪಟ್ಟಿಯ ಮೇಲೆ ನಿಂತಿತು. ಅಲ್ಲಿ ಬಿಳಿ ಬಣ್ಣದ ಒಂದು ಹನಿ ಒಣಗಿತ್ತು. 

"ಬಿಚ್ಚಯ್ಯ ಮೊದಲು. ನೋಡು ಏನ್ ಮಾಡಿದೀಯ! ಇದು ನೀನು ಹಾಕ್ಕೊಳ್ಳೋ ವಸ್ತು ಅಲ್ಲ."

ಶಿವಪುತ್ರನ ನಗು ಇಳಿಯಿತು. ಗಡಿಬಿಡಿಯಲ್ಲಿ ಬಾರು ಬಿಚ್ಚಿ, ಅಂಗಿಯ ತುದಿಯಿಂದ ಹನಿಯನ್ನು ಒರೆಸಲು ಹೋದ. ಯಜ್ಞನಾರಾಯಣ ಕಸಿದುಕೊಂಡ. ಶಿವಪುತ್ರನ ಕೂದಲು ಬೆವರಿಗೆ ಹಣೆಗಂಟಿದ್ದು ನೋಡಿ ಒಂದಿಷ್ಟು ನಾಚಿಕೆಯೂ ಆಯಿತು.

"ಇದು ಬರೀ ತೊಗಲು ಕಣಯ್ಯ. ಬಿದ್ರೆ ತಲೆ ಉಳಿಸಲ್ಲ. ನಿಂಗೆ ನಾಳೆ ಒಳ್ಳೇದೊಂದು ತಂದುಕೊಡ್ತೀನಿ."

"ಹೂಂ ಸರ, ಇರ್ಲಿ ಬಿಡ್ರಿ. ನಿಮ್ಮದು ನಿಮಗ." ನಂಬಿದ ದನಿಯಲ್ಲ ಅದು. ಕೊಟ್ಟದ್ದನ್ನು ವಾಪಸು ಕಸಿದುಕೊಳ್ಳುವವರು ಏನಾದರೊಂದು ನೆಪ ಹೇಳುತ್ತಾರೆ ಎಂದು ಅರ್ಥ ಮಾಡಿಕೊಂಡವನ ದನಿ. ಶಿವಪುತ್ರನ ನೋಟ ಒಂದು ಗಳಿಗೆ ಯಜ್ಞನಾರಾಯಣನ ತಲೆಯ ಮೇಲಿನ ಕರಿ ಹೆಲ್ಮೆಟ್ಟಿನ ಮೇಲೆ ಕೂತು, ನೆಲಕ್ಕಿಳಿಯಿತು. ಆಮೇಲೆ ಮೊಪೆಡ್ ತುಳಿದು ಬರಿದಲೆಯಲ್ಲಿ ಹೊರಟ. ಯಜ್ಞನಾರಾಯಣ ಕಂದು ಹೆಲ್ಮೆಟನ್ನು ಟವೆಲ್ಲಿನಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿ ಜೋಪಾನವಾಗಿಟ್ಟು ಮನೆಗೆ ಬಂದ.

ಮರುದಿನ ಬೆಳಿಗ್ಗೆ ಜಟ್ಟೆಮ್ಮ ಕೆಲಸಕ್ಕೆ ಬರಲಿಲ್ಲ. ವೇದಾ ಬೀದಿ ನೋಡುತ್ತಾ ಗೊಣಗುತ್ತಿದ್ದಳು. ಯಜ್ಞನಾರಾಯಣ ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ, ಆ ಬಿಳಿ ಹನಿಯನ್ನು ಉಸಿರು ಬಿಗಿಹಿಡಿದು ತಿಕ್ಕುತ್ತಿದ್ದ. ಆಗ ಜಟ್ಟೆಮ್ಮನ ವಠಾರದ ಬಾಲಮ್ಮ ಗೇಟಿನ ಹೊರಗೆ ನಿಂತು ಕೂಗಿದಳು.

"ಅಮ್ಮಾ, ಜಟ್ಟೆಮ್ಮ ಬರಲ್ಲ. ಅವಳ ಯಜಮಾನ್ರು ಹೋಗ್ಬಿಟ್ರು. ನೆನ್ನೆ ಸಾಯಂಕಾಲ ನೀರಿನ ಲಾರಿ ತಗುಲಿ, ತಲೆಗೇ ಏಟು."

ಅವನು ಹತ್ತಿಯ ಉಂಡೆ ಎತ್ತಿ ನೋಡಿದ. ಹನಿ ಹೋಗಿತ್ತು. ತೊಗಲು ಮೊದಲಿನ ಹಾಗೇ ಹೊಳೆಯುತ್ತಿತ್ತು.

ಶಿವಾಜಿನಗರದಲ್ಲಿ, ಆಸ್ಪತ್ರೆಯ ಹೆಣದ ಕೋಣೆಯ ಮುಂದೆ ಜಟ್ಟೆಮ್ಮ ಕಾಲು ಚಾಚಿ ಕೂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ನಿನ್ನೆ ಬಾಣಸವಾಡಿಯಲ್ಲಿ ನಡೆದದ್ದನ್ನು ಶಿವಪುತ್ರನ ಜೊತೆ ಕೆಲಸದವರು ಅವಳಿಗೆ ಹೇಳಿದ್ದರು. ಆಟೋದಲ್ಲಿ ಮುಂಚೆಯೇ ಬಂದಿದ್ದ ವೇದಾ ಅವಳ ಬೆನ್ನು ಸವರುತ್ತಿದ್ದಳು. ಯಜ್ಞನಾರಾಯಣನನ್ನು ಕಂಡು ಜಟ್ಟೆಮ್ಮ ಸೆರಗು ಸರಿಮಾಡಿಕೊಂಡಳು. ದುಃಖದಲ್ಲೂ ಆ ಮರ್ಯಾದೆ ತಪ್ಪಲಿಲ್ಲ.

"ಒಂದು ದಿನ ಬಿಟ್ಟು ಇಸ್ಕೊಂಡಿದ್ರ ಆಗ್ತಿರಲಿಲ್ಲೇನ್ರಿ ಸರ? ಹೆಲ್ಮೆಟ್ ಇತ್ತಂದ್ರ ಉಳೀತಿದ್ನಲ್ರೀ."

ವೇದಾಳ ಕೈ ನಿಂತಿತು. ಅವನು ಹೋಗಿ ಇಸಿದುಕೊಂಡು ಬಂದದ್ದು ಅವಳಿಗೆ ಗೊತ್ತಿತ್ತು. ಆದರೆ ಅದರ ಅರ್ಥ ಈಗ ಹೊಳೆಯಿತು. ಗಂಡನ ಮುಖವನ್ನೇ ನೋಡತೊಡಗಿದಳು.

"ಇಲ್ಲಮ್ಮ, ಕೇಳು ಇಲ್ಲಿ," ಯಜ್ಞನಾರಾಯಣ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಗುಲ್ಷನ್ ಅಂಗಡಿಯ ಮುಂದೆ ಕೂರುವ ಹಾಗೆಯೇ. "ಅದು ಹೆಲ್ಮೆಟ್ ಅಲ್ಲಮ್ಮ. ಅದು ಇದ್ದಿದ್ರೂ ಉಳೀತಿರಲಿಲ್ಲ. ಬರೀ ತೊಗಲು. ನೀನು ಹೇಳ್ತಿದ್ದೆಯಲ್ಲ, ಕುಂಚಿಗೆ. ಕುಲಾವಿ ಅದು. ಬರೀ ಕುಲಾವಿ."

ಇಷ್ಟು ವರ್ಷಗಳಲ್ಲಿ ಅದನ್ನು ಕುಲಾವಿ ಎಂದು ಒಪ್ಪುವ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಬಂದಾಗ ಅದು ಸುಳ್ಳಿನ ಹಾಗೇ ಕೇಳಿಸಿತು. ಅವನ ಕಿವಿಗೂ ಹಾಗೇ ಕೇಳಿಸಿತು.

"ನಾಚ್ಕೆ ಆಗಲ್ವಾ ನಿಮಗೆ?" ವೇದಾ ಮೆಲ್ಲಗೆ ಕೇಳಿದಳು. "ಮನೆ ತುಂಬ ನೆಂಟರು ಕೂತಾಗ ಹೆಲ್ಮೆಟ್. ಹೆಣದ ಮುಂದೆ ಕುಲಾವಿ."

ಅವನು ಎದ್ದು ನಿಂತ. ಇನ್ನು ಯಾವ ದೇವರ ಮೇಲೆ ಆಣೆ ಇಟ್ಟು ಹೇಳಿದರೂ ಇವರಿಬ್ಬರು ನಂಬುವುದಿಲ್ಲ, ಸಾಯುವ ತನಕ ನಂಬುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಹೇಳಿದ್ದು ಸತ್ಯವೇ ಆಗಿತ್ತು. ಆ ಸತ್ಯದಿಂದ ಮೂರು ಕಾಸಿನ ಪ್ರಯೋಜನವಿರಲಿಲ್ಲ.

ಜಟ್ಟೆಮ್ಮ ಜಗಳಕ್ಕೆ ಬರಲಿಲ್ಲ. ಅದನ್ನಾದರೂ ಮಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮೂಗು ಒರೆಸಿಕೊಂಡು ಇಷ್ಟೇ ಕೇಳಿದಳು: "ಊರಿಗೆ ಒಯ್ದು ಮಣ್ಣು ಮಾಡ್ತೀವ್ರಿ. ಅದೊಂದು ಅವನ ಜೋಡಿ ಹಾಕಾಕ ಕೊಡ್ರಿ ಸರ. ಅದನ್ನ ಹಾಕ್ಕೊಂಡು ಕನ್ನಡಿ ನೋಡ್ಕೊಂಡು ಭಾಳ ಖುಷಿ ಪಟ್ಟಿದ್ದ."

ಅವನು ಮನೆಗೆ ಹೋಗಿ ತಂದ. ಈ ಸಲ ಟವೆಲ್ಲು ಸುತ್ತಲಿಲ್ಲ.

ಹಿಂತಿರುಗುವಷ್ಟರಲ್ಲಿ ಶಿವಪುತ್ರನನ್ನು ಗಾಡಿಗೆ ಏರಿಸಿದ್ದರು. ತಲೆಗೆ ಬಿಳಿ ಬಟ್ಟೆ ಸುತ್ತಿತ್ತು. ಜಟ್ಟೆಮ್ಮ ಗಾಡಿಯೊಳಗೆ ಹತ್ತಿ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಆ ಬಟ್ಟೆಯ ಮೇಲೆಯೇ ತೊಗಲನ್ನು ನಿಧಾನವಾಗಿ ಇಳಿಸಿದಳು, ಒಂದು ಕಿವಿ ಮುಚ್ಚಿದಳು, ಇನ್ನೊಂದು ಕಿವಿ ಮುಚ್ಚಿದಳು, ನೋವಾದೀತೇನೋ ಎನ್ನುವ ಹಾಗೆ ಬಾರನ್ನು ಸಡಿಲವಾಗಿ ಕಟ್ಟಿದಳು. ಹಡೆದ ಮನೆಯಲ್ಲಿ ಕೂಸಿಗೆ ಕಟ್ಟುವುದೂ ಹೀಗೆಯೇ. ವೇದಾ ಮುಖ ತಿರುಗಿಸಿ ನಿಂತಳು.

ಗಾಡಿಯ ಬಾಗಿಲು ಮುಚ್ಚುವ ಮೊದಲು ಜಟ್ಟೆಮ್ಮ ತಲೆಯೆತ್ತಿ ನೋಡಿದಳು. ಯಜ್ಞನಾರಾಯಣನ ಮೊಣಕೈಯಲ್ಲಿ ಕರಿ ಹೆಲ್ಮೆಟ್ ನೇತಾಡುತ್ತಿತ್ತು. ನಿನ್ನೆ ಬಾಣಸವಾಡಿಯಲ್ಲಿ ಅವನ ತಲೆಯ ಮೇಲಿದ್ದದ್ದು ಅದೇ. ಬಿಚ್ಚಿ ಕೊಡಲು ಒಂದು ನಿಮಿಷವೂ ಬೇಕಿರಲಿಲ್ಲ. ಅದು ಅವನ ಮನಸ್ಸಿಗೇ ಬಂದಿರಲಿಲ್ಲ, ಈಗ ಬಂತು.

"ನಿಮ್ಮದು ಹಾಕ್ಕೊಂಡು ಹುಷಾರಾಗಿ ಹೋಗ್ರಿ ಸರ," ಜಟ್ಟೆಮ್ಮ ಹೇಳಿದಳು. "ಲಾರಿ ಭಾಳ ಅದಾವ."