ನಲವತ್ತು ನಳಿಗೆಯ ಅನುಭವ

ಬ್ಯಾಡಗಿಯಿಂದ ರಾಣೆಬೆನ್ನೂರಿನವರೆಗೆ ಉಚ್ಚೆ ಕಟ್ಟಿದ ಗಂಡಸು ಯಾವನೇ ಇರಲಿ, ನರ್ಸ್ ರೇಣುಕವ್ವನ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಅರ್ಧ ಲೀಟರ್ ತಾನಾಗಿಯೇ ಇಳಿಯುತ್ತಿತ್ತು. ಉಳಿದ ಅರ್ಧಕ್ಕೆ ಮಾತ್ರ ಅವಳು ನಳಿಗೆ ಹಾಕಬೇಕಾಗುತ್ತಿತ್ತು. ಅದನ್ನೂ ಒಮ್ಮೆ ಗುತ್ತಲದ ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದು ಕೈಯಲ್ಲಿ ಹಾಕಿ, ಕಂಡಕ್ಟರ್ ಚಿಲ್ಲರೆ ಎಣಿಸುವಷ್ಟರಲ್ಲಿ ಉಚ್ಚೆಯ ಚೀಲ ಕಟ್ಟಿದ್ದಳು. ಸಾಕ್ಷಿ ಯಾರು ಎಂದು ಕೇಳಬೇಡಿ. ಬಸ್ಸು ತುಂಬ ಜನ ಇದ್ದರು, ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು.

ಇಂಥವಳನ್ನು ಮನೋಹರ ಡಾಕ್ಟರ್ ವಾರ್ಡಿನ ನಡುವೆ, ಹನ್ನೆರಡು ಮಂಚಗಳ ಎದುರಿಗೆ ನಿಲ್ಲಿಸಿ ಬೈಯುತ್ತಿದ್ದರು.

"ಉಚ್ಚಿ ಬಳಿಯಾಕಿ ನೀ. ನಿನ್ನ ಅನುಭವ ಯಾರಿಗೆ ಬೇಕಾಗೇತಿ? ಸಹಿ ಹಾಕಂದ್ರ ಹಾಕು."

ಮೆಣಸಿನಕಾಯಿ ಪೇಟೆಯ ಹಿಂದಿನ ಧರ್ಮಾರ್ಥ ದವಾಖಾನೆ ಅದು. ಕಂಪನಿಯೊಂದು ಹೊಸ ನಮೂನೆಯ ನಲವತ್ತು ಕ್ಯಾಥೆಟರ್, ಅಂದರೆ ಉಚ್ಚೆಯ ನಳಿಗೆ, ಪುಕ್ಕಟೆ ಕಳಿಸಿತ್ತು. ಬಡವರಿಗೆ ಹಾಕಿ, ಹಾಕಿದ ನರ್ಸುಗಳ ಅನುಭವ ಬರೆದುಕೊಡಬೇಕು, ಅಷ್ಟೇ ಕರಾರು. ಬಂದ ದಿನವೇ ಪೆಟ್ಟಿಗೆ ರಾಣೆಬೆನ್ನೂರಿನಲ್ಲಿದ್ದ ಡಾಕ್ಟರರ ಸ್ವಂತ ನರ್ಸಿಂಗ್ ಹೋಮಿಗೆ ಹೋಯಿತು. ತೋರಿಸಲು ಬೇಕೆಂದು ಒಂದೇ ಒಂದು ಅವರ ಮೇಜಿನ ಖಾನೆಯಲ್ಲಿ ಉಳಿಯಿತು. ಅನುಭವದ ಹಾಳೆಯನ್ನೂ ಡಾಕ್ಟರರೇ ತುಂಬಿದ್ದರು: ನಲವತ್ತು ಹಾಕಿದೆ, ಬಹಳ ಚಲೋ.

"ಸರ, ಅದರ ಮಾರಿನ ನೋಡಿಲ್ಲಲ್ರಿ ನಾ," ಎಂದಳು ರೇಣುಕವ್ವ.

"ನೋಡಾಕ ಅದೇನು ನಿನ್ನ ಮಗಳಿಗೆ ಬಂದ ವರಾ ಏನ? ನಾಳೆ ಕಂಪನಿ ಬಾಯಿ ಬರ್ತಾಳ. ಊರ ಮಂದಿಗೆಲ್ಲಾ ಬೊಗಳೆ ಬಿಡ್ತೀಯಲ್ಲ, ಆಕಿ ಮುಂದೂ ಬಿಡು. ಇಲ್ಲಂದ್ರ ಈ ತಿಂಗಳಿಗೆ ನಿನ್ನ ಕಾಂಟ್ರ್ಯಾಕ್ಟ್ ಮುಗೀತೈತಿ, ಅಲ್ಲಿಗೆ ನಿಂದೂ ಮುಗೀತು."

ಹನ್ನೊಂದು ವರ್ಷದಿಂದ ಪ್ರತಿ ವರ್ಷವೂ ಹೀಗೆಯೇ ಹೊಸದಾಗಿ ಕೆಲಸಕ್ಕೆ ಸೇರುತ್ತಿದ್ದವಳು ಅವಳು. ಸಹಿ ಹಾಕಿದಳು. ಡಾಕ್ಟರ್ ಚಹಾ ಕುಡಿಯಲು ಹೋದರು.

ಆರನೇ ಮಂಚದಿಂದ ಡಾಕಪ್ಪ ಚೀರಿದ. ಆ ಚೀರಾಟಕ್ಕೆ ಕಾಗಿನೆಲೆಯಲ್ಲಿ ಊಟಕ್ಕೆ ಕುಳಿತಿದ್ದ ಭಕ್ತರು ಎಲೆ ಬಿಟ್ಟು ಎದ್ದರು. ಪೇಟೆಯ ಹಮಾಲ ಅವನು. ಮೂವತ್ತು ವರ್ಷ ಮೆಣಸಿನಕಾಯಿ ಚೀಲ ಹೊತ್ತ ಕೈ ಎಷ್ಟು ತೊಳೆದರೂ ಉರಿ ಬಿಡುವುದಿಲ್ಲ. ಆದ್ದರಿಂದ ಈ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು: ಹಮಾಲರಿಗೆ ನಳಿಗೆ ಹಾಕುವಾಗ ಅವರ ಎರಡೂ ಕೈಗಳನ್ನು ಮಜ್ಜಿಗೆ ಬೋಗುಣಿಯಲ್ಲಿ ಅದ್ದಿಸಿಡುವುದು. ಬೆಳಿಗ್ಗೆ ಹಳೆಯ ರಬ್ಬರ್ ನಳಿಗೆ ಎರಡು ಸಲ ಅಡ್ಡ ಸಿಕ್ಕಿಕೊಂಡು ರಕ್ತ ಬಂದಾಗ ಡಾಕಪ್ಪ ಬೋಗುಣಿ ಒದ್ದು, ಕೈ ಹಾಕಿ ನಳಿಗೆ ಕಿತ್ತಿದ್ದ. ಆಮೇಲೆ ಅವನು ಕುಣಿದ ಕುಣಿತವನ್ನು ವಾರ್ಡು ಇನ್ನೂ ಮರೆತಿರಲಿಲ್ಲ.

"ರೇಣುಕವ್ವಾ, ಆ ಹಲ್ಕಟ್ ಪೈಪ್ ಮತ್ತ ತಂದೀ ಅಂದ್ರ ಓಡಿ ಹೋಗ್ತೀನಿ ನೋಡು."

"ಓಡು. ಪೇಟಿ ಮುಟ್ಟೂದ್ರಾಗ ಸಿಡೀತಿ."

"ಸಿಡದ್ರ ಸಿಡೀಲಿ. ಇವನೌನ, ನಾ ಏನ ಮನಶ್ಯಾನೋ, ಮೋರಿಯೋ?"

ರೇಣುಕವ್ವ ಸೀದಾ ಡಾಕ್ಟರರ ಕೋಣೆಗೆ ಹೋಗಿ, ಖಾನೆ ಎಳೆದು, ಹೊಸ ನಳಿಗೆಯನ್ನು ತಂದಳು. ಅದರ ಲಕೋಟೆಯೊಳಗೇ ಒಂದು ಸಣ್ಣ ನೀರಿನ ಪೊಟ್ಟಣ. ಹಿಚುಕಿ ಒಡೆದು ಅರ್ಧ ನಿಮಿಷ ಕಾದರೆ ನಳಿಗೆ ಮೀನಿನಂತೆ ಜಾರುತ್ತದೆ, ಜೆಲ್ಲಿ ಬೇಡ. ಮೇಲೊಂದು ತೆಳ್ಳನೆಯ ಪ್ಲಾಸ್ಟಿಕ್ ತೋಳು, ಅಂಗಿಗಿರುವಂತೆ. ಅದನ್ನೇ ಹಿಡಿದು ಸರಿಸಿದರೆ ನಳಿಗೆಗೆ ಕೈ ಸೋಕುವುದೇ ಇಲ್ಲ. ಗಾಳಿಯಲ್ಲೂ ಖಾರ ಹಾರುವ ಊರಿಗೆ ಇದಕ್ಕಿಂತ ಏನು ಬೇಕು? ತುದಿ ಮಾತ್ರ ಗುಬ್ಬಿಯ ಕತ್ತಿನಷ್ಟು ಬಾಗಿತ್ತು. ಅಡ್ಡ ಬಂದ ಜಾಗದಲ್ಲಿ ಅದು ತಾನೇ ದಾರಿ ಹುಡುಕಿಕೊಂಡಂತೆ ಒಳಗೆ ಹೊರಳಿತು.

"ಲಗೂ ಹಾಕವ್ವಾ, ಹೆದರಸಬ್ಯಾಡ," ಎಂದ ಡಾಕಪ್ಪ, ಕಣ್ಣು ಮುಚ್ಚಿಕೊಂಡೇ.

"ಹಾಕಿ ಚೀಲ ಅರ್ಧ ತುಂಬೇತೋ ಬಾಡ್ಯಾ. ಕಣ್ಣ ತಗಿ."

ಡಾಕಪ್ಪ ಕಣ್ಣು ತೆರೆದು ಚೀಲ ನೋಡಿದ. ಮತ್ತೆ ತುಂಬಿಟ್ಟ ಮಜ್ಜಿಗೆ ಬೋಗುಣಿಯಲ್ಲಿ ಕೈ ಇಟ್ಟುಕೊಂಡೇ ನಕ್ಕ. ನಗುತ್ತ ನಗುತ್ತ ನಿದ್ದೆ ಹೋದ.

ಮರುದಿನ ಕಂಪನಿಯ ಮೃಣಾಲಿನಿ ಬಂದಳು. ಕೈಯಲ್ಲಿ ರೇಣುಕವ್ವನ ಸಹಿಯ ಹಾಳೆ. ಪಕ್ಕದಲ್ಲಿ ಡಾಕ್ಟರ್, ಕಂಕುಳಲ್ಲಿ ಕಾಂಟ್ರ್ಯಾಕ್ಟಿನ ಕಾಗದ. "ಇವರೇ ನಮ್ಮ ರೇಣುಕಾ ಸಿಸ್ಟರ್," ಎಂದರು. ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಬಹುವಚನ ಬಿದ್ದದ್ದು ಅದೇ ಮೊದಲು.

"ಹೇಳ್ರಿ ಸಿಸ್ಟರ್, ನಲವತ್ತು ಹಾಕೀರಿ. ಹೆಂಗನಸ್ತು?"

ಕೇಳುವವರು ಸಿಕ್ಕರೆ ರೇಣುಕವ್ವ ಬಿಡುವಳೇ? ನೀರಿನ ಪೊಟ್ಟಣ ಹೇಳಿದಳು, ತೋಳು ಹೇಳಿದಳು, ಖಾರದ ಕೈ ಹೇಳಿದಳು. ಮೃಣಾಲಿನಿ ಕುರ್ಚಿ ಎಳೆದುಕೊಂಡು ಕುಳಿತು, "ಖಾರದ್ದು ನಮಗ ಹೊಳದಿರಲೇ ಇಲ್ಲ ನೋಡ್ರಿ," ಎನ್ನುತ್ತ ಬರೆಯತೊಡಗಿದಳು. ಇವಳ ಮಾತನ್ನು ಯಾರಾದರೂ ಪೆನ್ನಿನಿಂದ ಬರೆದುಕೊಂಡದ್ದು ಇದುವರೆಗೆ ಇರಲಿಲ್ಲ. ರೇಣುಕವ್ವನಿಗೆ ರೆಕ್ಕೆ ಬಂತು.

"ಐರಣಿಯಿಂದ ಗಾಡಿ ಮಾಡ್ಕೊಂಡು ಬಂದಾರ್ರಿ ಮಂದಿ. ನಲವತ್ತರಾಗ ಇಪ್ಪತ್ತು ಹೆಣ್ಮಕ್ಕಳರಿ. ಎಲ್ಲಾರೂ ಇದ ಬೇಕು ಅಂತಾರ."

ಪೆನ್ನು ನಿಂತಿತು.

"ಹೆಣ್ಮಕ್ಕಳಿಗಾ? ಸಿಸ್ಟರ್, ಆ ಬಾಗಿದ ತುದಿ ಗಂಡಸರ ಪ್ರಾಸ್ಟೇಟ್ ಗ್ರಂಥಿ ದಾಟ್ಲಿಕ್ಕೆ ಮಾಡಿದ್ದು. ಹೆಣ್ಮಕ್ಕಳಿಗೆ ಆ ಗ್ರಂಥಿನೇ ಇರೂದಿಲ್ಲ. ಅವರಿಗ್ಯಾಕ ಹಾಕಿದ್ರಿ?"

ಡಾಕ್ಟರ್ ಕೆಮ್ಮಿದರು. "ಆಕಿ ಬಾಯಿ ಸ್ವಲ್ಪ ಉದ್ದ ಮೇಡಂ. ಗಂಡಸರಿಗೇ ಹಾಕ್ಯಾಳ. ಹೌದಲ್ಲ?"

"ಹಂಗಾದ್ರ ಎಷ್ಟು ಹಾಕೀರಿ?" ಮೃಣಾಲಿನಿ ಇವಳನ್ನೇ ನೋಡಿದಳು.

"ಮೂವತ್ತು... ಇಪ್ಪತ್ತರ ಸುಮಾರಿರಿ." ಡಾಕ್ಟರ್ ಕಂಕುಳಿನ ಕಾಗದವನ್ನು ಕೈಗೆ ತೆಗೆದುಕೊಂಡರು. "ಹತ್ತು ಹಿಡೀರಿ," ಎಂದಳು ಇವಳು. ಲೆಕ್ಕ ಪೇಟೆಯಲ್ಲಿ ಹಸಿ ಮೆಣಸಿನಕಾಯಿಯ ದರ ಇಳಿದಂತೆ ಇಳಿಯುತ್ತಿತ್ತು. ಹನ್ನೆರಡು ಮಂಚಗಳೂ ಕಿವಿಯಾಗಿದ್ದವು.

"ಒಂದ ರೀ ಮೇಡಂ," ಎಂದಳು ರೇಣುಕವ್ವ. "ಅಲ್ಲಿ ಮಲಗ್ಯಾನಲ್ರಿ, ಡಾಕಪ್ಪ, ಅವಗ. ಅದನ್ನೂ ಸಾಹೇಬರ ಖಾನ್ಯಾಗಿಂದ ಕದ್ದು ಹಾಕೇನಿ. ಉಳಿದ ಮೂವತ್ತೊಂಬತ್ತು ರಾಣೆಬೆನ್ನೂರಾಗ ಯಾರ್ಯಾರ ಒಳಗ ಅದಾವ ಅನ್ನೂದು ಅವರನ್ನ ಕೇಳ್ರಿ. ಸಹಿ ನಂದ, ಬರದದ್ದು ನಂದಲ್ಲ. ಆ ಹಾಳಿ ಇತ್ತಾಗ ಕೊಡ್ರಿ, ನಲವತ್ತು ಹೊಡದು ಒಂದು ಅಂತ ಬರೀತೀನಿ."